ಎಡಗಡೆಯ ವಿಂಡೋ

ನಮ್ಮ ಮನೆಗೆ ಒಂದೇ ಕಂಪ್ಯೂಟರ್. ಪರದೆಯ ಎಡಗಡೆಯ ವಿಂಡೋ ಅಕ್ಕನದು, ಬಲಗಡೆಯದು ನನ್ನದು. ಒಬ್ಬರ ಟ್ಯಾಬ್ ಇನ್ನೊಬ್ಬರು ಮುಟ್ಟಿದರೆ ಮನೆ ರಣರಂಗ. ಅಕ್ಕ ತೀರಿಕೊಂಡು ವರ್ಷವಾಯಿತು. ನಿನ್ನೆ ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಅವಳ ಹದಿನೇಳು ಟ್ಯಾಬ್‌ಗಳನ್ನು ಒಂದೊಂದಾಗಿ ಮುಚ್ಚತೊಡಗಿದೆ. ನಾಲ್ಕನೆಯದಕ್ಕೇ ಮೌಸ್ ಮಂಜುಗಡ್ಡೆಯಂತೆ ತಣ್ಣಗಾಯಿತು. ಹತ್ತನೆಯದನ್ನು ಮುಚ್ಚಿ ಬಲಕ್ಕೆ ನೋಡಿದೆ. ನನ್ನವೂ ಮುಚ್ಚಿಕೊಳ್ಳುತ್ತಾ ಬಂದು ಮೂರೇ ಉಳಿದಿದ್ದವು. ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಆದರೂ ಮೌಸ್ ಟಕ್ ಎಂದಿತು.

ಆ ಸದ್ದಿಗೆ ಪಕ್ಕದ ಕೋಣೆಯಿಂದ ಅಮ್ಮ, ಹಳೆಯ ಅಭ್ಯಾಸದಂತೆ, "ಜಗಳ ಆಡ್ಬೇಡ್ರೇ, ಒಬ್ಬರಾದ್ಮೇಲೆ ಒಬ್ಬರು ಕೂತ್ಕೊಳ್ಳಿ" ಎಂದು ಗದರಿದಳು.

ಇನ್ನೆರಡು ಸಲ ಟಕ್ ಎಂದಿತು. ನನ್ನ ವಿಂಡೋ ಮಾಯವಾಯಿತು. ಅವಳ ಏಳು ಟ್ಯಾಬ್ ಈಗಲೂ ತೆರೆದೇ ಇವೆ.