ಐದನೆಯ ಮನೆ

"ಭಿಕ್ಷಾಂದೇಹಿ..."

ಬಾಗಿಲು ತೆರೆದ ಮಾಲವಿಕಾ ಗರ ಬಡಿದವಳಂತೆ ನಿಂತಳು. ಬಸವೇಶ್ವರನಗರದ ತಮ್ಮ ಮನೆಯ ಮೆಟ್ಟಿಲ ಮೇಲೆ, ಬರಿಗಾಲಲ್ಲಿ, ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು ನಿಂತಿದ್ದವನು ವೀರೇಶ!

ಪೀಣ್ಯದ ಕಾರ್ಖಾನೆಯ ಇಂಜಿನಿಯರ್. ಬರುವ ಭಾನುವಾರ ತಾನು ಅಮ್ಮನ ಮುಂದೆ ನಿಲ್ಲಿಸಿ, 'ಇವರನ್ನೇ ಮದುವೆ ಆಗ್ತೀನಿ' ಎನ್ನಬೇಕೆಂದಿದ್ದವನು!

ಅವನ ಮುಖವೂ ಬಿಳಿಚಿತು. "ಇದು... ನಿಮ್ಮ ಮನಿ ಏನ್ರೀ?"

"ಇದೇನು ವೇಷ, ವೀರೇಶ್?"

"ನಾವು ಜಂಗಮರು. ಶ್ರಾವಣ ಸೋಮವಾರ ಐದು ಮನಿ ಬೇಡೂದು ನಮ್ಮ ಮನೆತನದ ಪದ್ಧತಿ. ನೌಕರಿ ಇದ್ರೂ ಬಿಡಂಗಿಲ್ರಿ. ಇದು ಐದನೇದು..."

"ಸಂಬಳ ತಗೊಳ್ಳೋರು ಬೀದೀಲಿ ಕೈ ಚಾಚ್ತೀರಾ? ನಾಚಿಕೆ ಆಗಲ್ವಾ?"

ಅಪ್ಪ ತೀರಿಕೊಂಡ ಮೇಲೆ, ಹಸಿದು ಮಲಗಿದರೂ ಯಾರ ಮುಂದೆಯೂ ಕೈ ಚಾಚಬಾರದೆಂದು ಬೆಳೆದವಳು ಅವಳು. ಅವಳ ಪಾಲಿಗೆ ಅದೇ ದೇವರು, ಅದೇ ಧರ್ಮ. ಬಾಗಿಲು ಧಡಾರನೆ ಮುಚ್ಚಿತು.

ಅಡುಗೆಮನೆಯಿಂದ ಅಮ್ಮ ಕೋಕಿಲಾ ಓಡಿ ಬಂದರು. "ಜಂಗಮರನ್ನ ಬರಿಗೈಲಿ ಕಳಿಸಿದ್ಯೇನೇ? ಒಂದು ಮನೆ ಇಲ್ಲ ಅಂದ್ರೆ ಅವರು ಇನ್ನೊಂದು ಮನೆ ಬಾಗಿಲಿಗೆ ಹೋಗಲ್ಲ. ಅವತ್ತಿಗೆ ಉಪವಾಸ ಕಣೇ!"

"ಬೇಡೋರು ನಂಗೆ ಆಗಲ್ಲಮ್ಮ. ನಾವು ಯಾವತ್ತಾದ್ರೂ ಬೇಡಿದೀವಾ?"

ಅಮ್ಮ ಸೆರಗಿನ ತುದಿ ಹಿಡಿದುಕೊಂಡರು.

"ನಾನು ಬೇಡಿದೀನಿ. ನೀನು ಹಸಿದು ಅಳ್ತಿದ್ದಾಗ, ಪಕ್ಕದ ಮನೇಲಿ ಸೆರಗೊಡ್ಡಿ ಅಕ್ಕಿ ಬೇಡಿದೀನಿ. ನೀನು ತಲೆ ಎತ್ತಿಕೊಂಡೇ ಬೆಳೀಲಿ ಅಂತ ಹೇಳ್ಲಿಲ್ಲ..."

ಮಾಲವಿಕಾ ತಾನೇ ಮುಚ್ಚಿದ ಬಾಗಿಲಿನತ್ತ ನೋಡಿದಳು. ತಾನು ಪೂಜಿಸಿದ ಆ ಸ್ವಾಭಿಮಾನ... ಬೇಡಿ ತಂದ ಅನ್ನದಿಂದ ಬೆಳೆದದ್ದೇ?

ಸಂಜೆ ಲಗ್ಗೆರೆಯಲ್ಲಿ ವೀರೇಶನ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಅವಳು ಅಕ್ಕಿಯ ಪಾತ್ರೆ ಹಿಡಿದು ನಿಂತಿದ್ದಳು. ಜೋಳಿಗೆ ಗೂಟದಲ್ಲಿ ಹಾಗೇ ತೂಗುತ್ತಿತ್ತು. ಒಲೆ ತಣ್ಣಗಿತ್ತು.

"ಊಟ ಮಾಡಿಲ್ವಾ?"

"ಐದನೇ ಮನಿ ಆಗಿಲ್ಲಲ್ರಿ."

ಕಣ್ಣೀರಿನೊಂದಿಗೆ ಅಕ್ಕಿ ಜೋಳಿಗೆಗೆ ಬಿತ್ತು. "ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಸೊಕ್ಕು ಮುರೀಲಿ ಅಂತ ಬೇಡ್ತೀನಿ. ಆದ್ರ ನಿಮಗ ಹೇಳಾಕ ನಾಚಿಕಿ ಬಂತು... ನನ್ನ ಸೊಕ್ಕು ಇನ್ನೂ ಹೋಗಿಲ್ರಿ."

ಅನ್ನ ಬೆಂದಿತು. ಅವನು ಶಿವನಿಗೆ ನೈವೇದ್ಯ ತೋರಿಸಿ ತಟ್ಟೆಯ ಮುಂದೆ ಕುಳಿತಾಗ, ಅವಳು ಮೆಲ್ಲಗೆ ಅಂಗೈ ಚಾಚಿದಳು.

"ನಂಗೂ ಒಂದು ತುತ್ತು... ಕೊಡ್ತೀರಾ?"

ಚಾಚಿದ್ದು ತನ್ನದೇ ಕೈ ಎಂದು ಅವಳಿಗೆ ನಂಬಲಾಗಲಿಲ್ಲ!

"ಬೇಡೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ, ವೀರೇಶ್."

ಅವನು ಬಿಸಿ ತುತ್ತನ್ನು ಅವಳ ಅಂಗೈಗಿಟ್ಟ. "ಮುಂದಿನ ಸೋಮವಾರ ಬಂದ್ರ ಬಾಗಿಲು ತೆಗೀತೀರಲ್ರಿ?"

"ಭಾನುವಾರವೇ ಬನ್ನಿ. ಅಮ್ಮನ ಹತ್ರ ನನ್ನನ್ನ ಬೇಡೋದಿದೆ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಚಪ್ಪಲಿ ಹಾಕ್ಕೊಂಡು ಬನ್ನಿ ಮತ್ತೆ!"