ಅಜ್ಜನ ಕಾಲದ ಕಾರ್ಬೊರೇಟರ್

ಗೋವಿಂದರಾಜು ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟ. ರಿಪೇರಿಗೆ ಬಂದಿದ್ದ ಹಳೇ ಫಿಯೆಟ್ಟಿನ ಎಂಜಿನ್ ಮೇಲೆ ಕಾರ್ಬೊರೇಟರ್ ಇರಬೇಕಾದ ಜಾಗ ಖಾಲಿ.

ಮಂಡಿ ಮೊಹಲ್ಲಾದ ಅವನ ಗ್ಯಾರೇಜಿಗೆ ದಿನವೂ ಪೇಪರ್ ಓದಲು ಬರುವ ಮಂಟಯ್ಯ ಎದ್ದು ಬಂದು ಇಣುಕಿದ. ಮಂಟಯ್ಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಮೂವತ್ತು ವರ್ಷ ಕಳ್ಳರನ್ನು ಕಂಡು ಅವನಿಗೆ ಕಳ್ಳರ ಮೇಲೆ ತಾತ್ಸಾರ, ಕಳಕೊಂಡವರ ಮೇಲೆ ಇನ್ನೂ ತಾತ್ಸಾರ. ಈ ಕಾರಿನ ಮಾಲೀಕ ಲಾಯರ್ ಸುಂದರೇಶನ ಮೇಲಂತೂ ಕೇಳುವುದೇ ಬೇಡ. ಇದರ ಒಂದೊಂದು ನಟ್ಟೂ ಅಜ್ಜ ಅರಮನೆ ಕೆಲಸದಲ್ಲಿದ್ದಾಗಿನದು ಎಂದು ಊರಿಗೆಲ್ಲ ಸಾರಿದ್ದ ಮನುಷ್ಯ. ಕಾರು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಹಳೇ ಕಾರುಗಳ ಕ್ಲಬ್ಬು ಭಾನುವಾರ ಅಸಲಿ ಕಾರಿಗೆ ಕಪ್ ಕೊಡಲಿತ್ತು. ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡಿ ಬರೆದುಕೊಡುವವನು ಇದೇ ಗೋವಿಂದರಾಜು.

ಸುಂದರೇಶ ಬಂದ.

“ರಿಪೇರಿ ರಿಪೇರಿ ಅಂತ ಹಠ ಹಿಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ನೀನೇ ಹೊಡೆದಿದ್ದೀಯ.”

“ನೀವು ಹೊಸದು ಹಾಕು ಅಂದ್ರಿ. ಅಜ್ಜನ ಕಾಲದ್ದನ್ನ ಬಿಚ್ಚಿ ನೋಡ್ದೆ ಎಸೀಬಾರ್ದು ಅಂದೆ. ನಾನಂದಿದ್ದು ಅಷ್ಟೇ ಸಾರ್.”

“ಸಂಜೆಯೊಳಗೆ ತಂದಿಡು. ಇಲ್ಲದಿದ್ರೆ ಸ್ಟೇಷನ್‌ಗೂ ಹೋಗ್ತೀನಿ, ಕ್ಲಬ್ಬಿಗೂ ಹೇಳ್ತೀನಿ.”

ಗೋವಿಂದರಾಜು ಪಾನಾ ಕೆಳಗಿಟ್ಟ. ಕಳ್ಳನೆಂದು ಹೆಸರಾದವನ ಗ್ಯಾರೇಜಿನಲ್ಲಿ ಯಾರು ಕಾರು ಬಿಡುತ್ತಾರೆ?

*

ಪಕ್ಕದ ಗುಜರಿ ಅಂಗಡಿಯ ಕೆಂಪಯ್ಯನನ್ನು ಮಂಟಯ್ಯ ಮೊದಲು ಹಿಡಿದ.

“ನೀನೇನಲೇ?”

“ಅಯ್ಯೋ ಬುಡಣ್ಣ. ಮುಷ್ಟಿ ಗಾತ್ರದ್ದಕ್ಕೆ ಕೈ ಹಾಕಾನಾ? ಕದಿಯೋದಾದ್ರೆ ಕಾರನ್ನೇ ತಳ್ಕೊಂಡು ಬತ್ತಿದ್ದೆ.”

“ನೆನ್ನೆ ಗೋವಿಂದರಾಜು ಊಟಕ್ಕೆ ಹೋದಾಗ ಯಾರು ಬಂದಿದ್ರು?”

“ಯಾರೂ ಇಲ್ಲ. ಲಾಯರಪ್ಪ ಕಾರು ಒರೆಸ್ತಾ ಇದ್ರು. ಕೆಟ್ಟು ನಿಂತಾಗಿಂದ ದಿನಾ ಬತ್ತಾರೆ. ಅವರನ್ನ ಎಂಗೆ ಲೆಕ್ಕಕ್ಕೆ ತಕೊಳ್ಳೋದು?”

ಮಂಟಯ್ಯ ವಾಪಸು ಬಂದು ಎಂಜಿನ್ ಮೇಲೆ ಬಗ್ಗಿದ. ಕಾರ್ಬೊರೇಟರ್ ಕಿತ್ತ ಜಾಗದ ತೂತಿಗೆ ಬಟ್ಟೆ ಮುಚ್ಚಿ, ದಾರ ಸುತ್ತಿ, ಗಂಟು ಹಾಕಿತ್ತು. ಹಳೇ ಪಂಚೆಯ ತುಂಡು. ಜರಿ ಅಂಚು.

“ಇದು ನಿಂದಾ?”

“ಇಷ್ಟು ಬಿಳೀ ಬಟ್ಟೆ ನಮ್ ಗ್ಯಾರೇಜಲ್ಲಿ ಎಲ್ಲಿಂದ ಬರ್ಬೇಕಣ್ಣ?” ಎಂದ ಗೋವಿಂದರಾಜು.

ಮಂಟಯ್ಯ ಒಂದು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡ.

*

ಗೋಕುಲಂ ಬಡಾವಣೆಯ ಮನೆಯಲ್ಲಿ ಸುಂದರೇಶನ ಹೆಂಡತಿ ಶುಭಾ ಗಂಡನಿಗೂ ಮಂಟಯ್ಯನಿಗೂ ಕಾಫಿ ತಂದುಕೊಟ್ಟಳು. ಮಂಟಯ್ಯ ಲೋಟ ಹಿಡಿದು ದೇವರಮನೆ ಕಡೆ ನೋಡಿದ. ಒಳಗೆ ಕತ್ತಲೆ.

“ದೀಪ ಹಚ್ಚಿಲ್ವಲ್ಲಮ್ಮ? ಏನು ಸೂತಕವಾ?”

“ಅಂಥದ್ದೇನಿಲ್ಲ. ನೆನ್ನೆ ಸಾಯಂಕಾಲದಿಂದ ಹಚ್ಚಬೇಡ ಅಂತ ಇವರದ್ದೇ ಅಪ್ಪಣೆ. ಯಾಕೆ ಅಂದ್ರೆ ಸಿಡುಕ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು ಕಣ್ರೀ.”

“ಪೆಟ್ರೋಲ್ ತೊಟ್ಟಿಕ್ಕೋ ಸಾಮಾನು ಒಳಗಿಟ್ಕೊಂಡು ದೀಪ ಹಚ್ಚೋಕೆ ಧೈರ್ಯ ಬರಬೇಕಲ್ಲ, ಸ್ವಾಮಿ?” ಎಂದು ಮಂಟಯ್ಯ ಗಂಡನ ಕಡೆ ತಿರುಗಿದ.

ಸುಂದರೇಶನ ಲೋಟ ತುಟಿಯ ಹತ್ತಿರ ನಿಂತಿತು.

“ಕೇಳಿ. ಕಳ್ಳನಾದವನು ಕಿತ್ಕೊಂಡು ಓಡ್ತಾನೆ. ಎಂಜಿನ್ ಒಳಗೆ ಧೂಳು ಬಿದ್ರೆ ಅವನಪ್ಪನ ಗಂಟೇನು ಹೋಯ್ತು? ಮೆಕ್ಯಾನಿಕ್ ಆದ್ರೆ ಗ್ರೀಸ್ ಹತ್ತಿದ ಚಿಂದಿ ತುರುಕ್ತಾನೆ. ಜರಿ ಪಂಚೆ ಹರಿದು, ಮಗೂಗೆ ಕುಲಾವಿ ಕಟ್ಟಿದಂಗೆ ಕಟ್ಟಿರೋದು ಯಾರು? ದಿನಾ ಒರೆಸೋರು. ಅದಕ್ಕೇ ನಿಮ್ಮನ್ನ ಯಾರೂ ಗಮನಿಸಲಿಲ್ಲ.”

ಶುಭಾ ದೇವರಮನೆಗೆ ಹೋದಳು. ಮಡಿಬಟ್ಟೆಯ ಬುಟ್ಟಿ ಎತ್ತಿ ತಂದು ಗಂಡನ ಮುಂದಿಟ್ಟಳು. ಬಟ್ಟೆಗಳ ಕೆಳಗೆ ಕಾರ್ಬೊರೇಟರ್ ಇತ್ತು. ಮಂಟಯ್ಯ ಮುಚ್ಚಳ ಬಿಚ್ಚಿದ. ಒಳಗೆ ಅಚ್ಚಾದ ಇಸವಿ ಅಜ್ಜ ಸತ್ತು ಎಷ್ಟೋ ವರ್ಷದ ಮೇಲಿನದು.

“ಹಿಂದೆ ಒಂದ್ಸಲ ಕೆಟ್ಟಿತ್ತು,” ಸುಂದರೇಶನ ದನಿ ಇಳಿದಿತ್ತು. “ಯಾರೋ ಬದಲಾಯಿಸಿ ಅಂದ್ರು. ಬದಲಾಯಿಸಿದೆ. ಹಳೇದನ್ನ ಎಸೆದುಬಿಟ್ಟೆ.”

“ಗೋವಿಂದರಾಜು ಬಿಚ್ಚಿದ್ರೆ ಗೊತ್ತಾಗ್ತಿತ್ತು. ಅದಕ್ಕೆ ಹೊಸದು ಹಾಕು ಅಂದ್ರಿ, ಅಸಲಿದು ಈಗಷ್ಟೇ ಕೆಟ್ಟಿತು ಅಂತ ಕ್ಲಬ್ಬಿಗೆ ಹೇಳ್ಕೋಬಹುದಲ್ಲ. ಅವನು ಒಪ್ಪಲಿಲ್ಲ. ಕದ್ರಿ, ಅವನನ್ನೇ ಕಳ್ಳ ಅಂದ್ರಿ. ಕಳ್ಳನ ಮಾತನ್ನ ಕ್ಲಬ್ಬು ನಂಬಲ್ವಲ್ಲ. ಒಂದು ಕಪ್ಪಿಗೆ ಒಬ್ಬನ ಅನ್ನ ಕೀಳೋಕೆ ಹೊರಟ್ರಿ. ಥೂ. ಮೂರು ಕಾಸಿನ ಜೇಬುಗಳ್ಳ ವಾಸಿ. ಏಳಿ, ಎತ್ಕೊಳ್ಳಿ ಅದನ್ನ.”

*

ಬೀದಿಯವರೆಲ್ಲ ನೋಡುತ್ತಿರುವಂತೆ ಸುಂದರೇಶ ಗ್ಯಾರೇಜಿನ ಮುಂದೆ ಆಟೋದಿಂದ ಇಳಿದ. ಬಿಳೀ ಪಂಚೆಯ ತುಂಬ ಪೆಟ್ರೋಲ್ ಕಲೆ.

“ಇವನು ಕದ್ದಿಲ್ಲ. ನಾನೇ ತಗೊಂಡಿದ್ದೆ.”

“ಜೋರಾಗಿ ಹೇಳಿ ಸ್ವಾಮಿ, ಕೆಂಪಯ್ಯಂಗೆ ಕೇಳಿಸ್ಲಿಲ್ವಂತೆ,” ಎಂದ ಮಂಟಯ್ಯ.

ಸುಂದರೇಶ ಇನ್ನೊಮ್ಮೆ ಹೇಳಿದ.

ಗೋವಿಂದರಾಜು ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ. ಸಾಸಿವೆಯಷ್ಟೂ ಇಲ್ಲದ ಕಸ. ಉಫ್ ಎಂದು ಊದಿ ಜೋಡಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಮೇಲೆ ಕೈ ಒರೆಸಿಕೊಂಡು ಕ್ಲಬ್ಬಿನ ಫಾರಂ ತೆಗೆದು, ನಿಧಾನವಾಗಿ ಬರೆದ: ‘ಕಾರ್ಬೊರೇಟರ್ ನಕಲಿ. ಕೆಲಸ ಮಾಡುತ್ತದೆ.’

ಮಂಟಯ್ಯ ಪೇಪರ್ ಬಿಡಿಸಿಕೊಂಡು ಕೂತ.

“ಓನರ್ ಬಗ್ಗೆ ಬರೆಯೋಕೆ ಅದ್ರಲ್ಲಿ ಜಾಗ ಇಲ್ವೇನ್ಲಾ?”