ಬೋರ್ಡಿಗೆ ಇಟ್ಟ ಕುಂಕುಮ

2024ರ ಅಕ್ಟೋಬರ್ 21, ಸೋಮವಾರ. ದಸರಾ ರಜೆ ಮುಗಿದು ಶಾಲೆ ತೆರೆದ ದಿನ. ಹತ್ತಿಮತ್ತೂರಿನಾಚೆಯ ಸಣ್ಣ ಊರೊಂದರ ಮುಖ್ಯಶಿಕ್ಷಕ ಫಕ್ಕೀರಪ್ಪ ಬೆಳಿಗ್ಗೆ ಹನ್ನೊಂದಕ್ಕೆ ಸವಣೂರು ಠಾಣೆಗೆ ಬಂದು ದೂರು ಕೊಟ್ಟರು. ಏಳನೆಯ ತರಗತಿಯ ಸ್ಮಾರ್ಟ್ ಬೋರ್ಡ್ ಕಳುವಾಗಿದೆ. ಊರಿನವರೆಲ್ಲ ಕೂಡಿ ಕೊಡಿಸಿದ್ದು. ಪಿಎಸ್‌ಐ ಸುಧಾರಾಣಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ರಾಜೇಸಾಬರೊಂದಿಗೆ ಸ್ಥಳಕ್ಕೆ ಹೋದರು.

ಬಾಗಿಲ ಕೀಲಿ ಒಡೆದಿರಲಿಲ್ಲ. ಬೋರ್ಡಿನ ಬೋಲ್ಟುಗಳನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಕಳ್ಳರಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ಗೋಡೆಯ ಮೇಲೆ ಕುಂಕುಮ ಬೆರೆತ ನೀರು ಇಳಿದು ಒಣಗಿದ ಗೆರೆಗಳಿದ್ದವು.

ರಾಜೇಸಾಬರು ಅವನ್ನೇ ನೋಡುತ್ತ ನಿಂತರು.

“ಖಂಡೆಪೂಜಿ ದಿನ ನಾವು ಜೀಪು ತೊಳದ್ವೆಲ್ರಿ ಮೇಡಮ್ಮಾರ. ಒಬ್ಬ ಶಾಣ್ಯಾ ವೈರ್‌ಲೆಸ್ ಸೆಟ್ಟಿಗೂ ತಂಬಿಗಿ ಎತ್ತಿದ್ದ. ನಾನ ಕೈ ಹಿಡದೆ. ಇಲ್ಲಿ ಕೈ ಹಿಡಿಯಾವ್ರು ಯಾರೂ ಇದ್ದಿಲ್ಲ ಕಾಣ್ತೈತಿ.”

ಆಯುಧಪೂಜೆಗೆ ಶಾಲೆಗೆ ಬಂದವರು ಯಾರೆಂದು ಕೇಳಿದಾಗ ಫಕ್ಕೀರಪ್ಪ ತಡವರಿಸಿದರು. ಅಂದು ತಾವು ಹಾವೇರಿಯಲ್ಲಿದ್ದುದಾಗಿಯೂ ಕೀಲಿಕೈಯನ್ನು ಅತಿಥಿ ಶಿಕ್ಷಕಿ ತನುಜಾಗೆ ಕೊಟ್ಟಿದ್ದಾಗಿಯೂ ಹೇಳಿದರು.

ಸಂಜೆ ನಾಲ್ಕಕ್ಕೆ ಪೊಲೀಸರು ಅವಳ ಮನೆಗೆ ಹೋದರು. ತಾಯಿ ಸರೋಜವ್ವ ನೀರು ಬೆಲ್ಲ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

“ಬೋರ್ಡಿಗೆ ಪೂಜಿ ಮಾಡಿದ್ರಿ?” ಸುಧಾರಾಣಿ ಕೇಳಿದರು.

“ಮಾಡಿದ್ನಿರಿ.”

“ಯಾತರಲೆ ಒರೆಸಿದ್ರಿ?”

ತನುಜಾ ಹಿತ್ತಲಿನ ಕಡೆಗೊಮ್ಮೆ ನೋಡಿದಳು. ಅಲ್ಲಿ ಗೋವಿನಜೋಳದ ಒಣದಂಟುಗಳ ಬಣವೆ ಇತ್ತು.

ಬಣವೆಯೊಳಗೆ, ಕೌದಿಯಲ್ಲಿ ಸುತ್ತಿಟ್ಟ ಬೋರ್ಡ್ ಸಿಕ್ಕಿತು. ಇಬ್ಬರು ಪಂಚರ ಎದುರು ಪಂಚನಾಮೆ ಬರೆಯುತ್ತಿರುವಾಗ ತನುಜಾ ತಾನಾಗಿ ಹೇಳತೊಡಗಿದಳು. ಒದ್ದೆ ಅರಿವೆಯಿಂದ ಒರೆಸಿ ಕುಂಕುಮ ಇಟ್ಟಿದ್ದಳು. ಮೇಲಂಚಿನಿಂದ ನೀರು ಒಳಗೆ ಇಳಿದಿತ್ತು. ಸ್ವಿಚ್ ಒತ್ತಿದರೆ ಪರದೆ ಕಪ್ಪು. ಹೊತ್ತು ಮುಳುಗುವವರೆಗೆ ಒತ್ತುತ್ತಲೇ ಕುಳಿತಿದ್ದಳು. ಮರುದಿನ ವಿಜಯದಶಮಿಗೆ ಊರೆಲ್ಲ ಬನ್ನಿ ಮುಡಿಯಲು ಹೋದಾಗ, ತಾಯಿ ಮಗಳು ಅದನ್ನು ತಳ್ಳುಗಾಡಿಯಲ್ಲಿ ತಂದಿದ್ದರು.

“ಮಾಸ್ತರಿಗೆ ಯಾಕ ಹೇಳಲಿಲ್ಲ?” ಎಂದರು ಸುಧಾರಾಣಿ.

“ಮನಿ ಮನಿ ಮುಂದ ನಿಂತು ಕೇಳಿ ತಂದಿದ್ನಿರಿ ಅದನ್ನ. ಕಳುವಾತು ಅಂದ್ರ ಊರು ಕಳ್ಳನ್ನ ಬೈತೈತಿ. ಕೆಡಿಸಿದ್ಲು ಅಂದ್ರ ನನ್ನ ಮಾರಿ ನೋಡ್ತೈತಿ. ಬರೂ ವರ್ಷ ಸಾಲಿ ಮೆಟ್ಟಲ ಹತ್ತಾಕ ಬಿಡ್ತಿದ್ರೇನ್ರಿ?”

ಅತಿಥಿ ಶಿಕ್ಷಕಿಯನ್ನು ಪ್ರತಿ ವರ್ಷ ಹೊಸದಾಗಿ ನೇಮಿಸುತ್ತಾರೆ. ಆ ಮನೆಗೆ ಬೇರೆ ಆಧಾರವಿರಲಿಲ್ಲ.

“ಹೊತ್ತಾಕಿ ನಾನೂ,” ಎಂದಳು ಸರೋಜವ್ವ. “ನನ್ನ ಹೆಸರೂ ಬರ್ಕೋರಿ.”

ಸೂರ್ಯಾಸ್ತಕ್ಕೆ ಮುಂಚೆ, ಐದೂವರೆಗೆ, ಇಬ್ಬರನ್ನೂ ಬಂಧಿಸಲಾಯಿತು.

ಮರುದಿನ ಬೆಳಿಗ್ಗೆ ಬೋರ್ಡನ್ನು ಗುರುತಿಸಲು ಫಕ್ಕೀರಪ್ಪನವರೊಂದಿಗೆ ಕಂಪನಿಯ ಮೆಕ್ಯಾನಿಕ್ ಠಾಣೆಗೆ ಬಂದ. ನ್ಯಾಯಾಲಯಕ್ಕೆ ಹೊರಡಲು ತಾಯಿ ಮಗಳು ಅಲ್ಲೇ ನಿಂತಿದ್ದರು. ಅವನು ನಂಬರ್ ತಾಳೆ ನೋಡಿ, ವೈರು ಜೋಡಿಸಿ, ಸ್ವಿಚ್ ಒತ್ತಿದ.

ಬೋರ್ಡ್ ಬೆಳಗಿತು.

ಒಣ ಕಣಿಕೆಯಲ್ಲಿ ಹತ್ತು ದಿನ ಇದ್ದು ಪಸೆ ಆರಿದೆ, ಗೋಡೆಯ ಮೇಲೇ ನಾಲ್ಕು ದಿನ ಸುಮ್ಮನೆ ಬಿಟ್ಟಿದ್ದರೂ ಸರಿಹೋಗುತ್ತಿತ್ತು ಎಂದು ಅವನು ಹೇಳಿದ. ಕೊನೆಯ ಪಾಠದ ಪುಟ ತೆರೆದ. ತನುಜಾಳ ದುಂಡನೆಯ ಅಕ್ಷರಗಳು: ರಜೆಯಲ್ಲಿ ಮಗ್ಗಿ ಮರೆಯಬೇಡಿರಿ.

ಫಕ್ಕೀರಪ್ಪ ಮುಖ ತಿರುಗಿಸಿದರು.

ಬೋರ್ಡಿನ ಮೂಲೆಯಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು. ತನುಜಾ ಮುಂದೆ ಬಂದು, ಈ ಸಲ ಒಣ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೈ ಎತ್ತಿದಳು.

“ಬ್ಯಾಡವಾ,” ಎಂದರು ರಾಜೇಸಾಬರು ಮೆಲ್ಲಗೆ. “ಇನ್ನ ಅದು ಕೇಸಿನ ಮಾಲು.”